ಮೀನಿನ ಕಾಲಮ್ಮು

ಶುಕ್ರವಾರ ಗುದೈಬಿಯಾದ ಗಲ್ಲಿಗಳಲ್ಲಿ
ನಾನು ಬೆಲೆ ಬರೆಯುವವಳು.
ಕೋಲ್ಡ್ ಸ್ಟೋರಿನ ಮೆಟ್ಟಿಲಲ್ಲಿ ನಿಂತು
ಖುಬೂಸ್ ಕಟ್ಟಿಗೆ ನೂರು ಫಿಲ್ಸ್,
ಟೊಮೆಟೊ ಹೋದ ವಾರ ಮುನ್ನೂರೈವತ್ತು, ಈ ವಾರ ಐನೂರು,
ಈರುಳ್ಳಿ ಎಂದರೆ ಅಂಗಡಿಯ ಮೊಯ್ದು ನಗುತ್ತಾನೆ:
"ಬೆಳಗಿನ ರೇಟು ಬೇಕೋ, ಸಂಜೆಯದ್ದೋ?"

ಕಂಪನಿಯ ಊಟದ ಭತ್ಯೆ ಹದಿನೈದು ದಿನಾರ್.
ಒಂಬತ್ತು ವರ್ಷದಿಂದ ಹದಿನೈದೇ.
ಇಪ್ಪತ್ತನಾಲ್ಕು ಮಾಡಿ ಎಂದು ಕೇಳಲು
ಹೊರಟಿದ್ದೇವೆ ನಾವು ಏಳೆಂಟು ಜನ.
ಕೂಗಲಾರದವರಿಗೆ
ಕೂಡಿ ಬಂದ ಮೊತ್ತವೇ ಗಂಟಲು.

ಮೂರನೇ ಮಹಡಿ. ಪ್ಲೈವುಡ್ ಗೋಡೆ, ಬೆಡ್‌ಶೀಟಿನ ಬಾಗಿಲು.
ಹಾಸಿಗೆ ಎಷ್ಟು? ಒಂದು.
ಮಲಗುವವರು? ಇಬ್ಬರು.
ರಾತ್ರಿ ಕಾವಲಿನ ತಿಲಕ್ ಹಗಲಿಗೆ,
ಗಾಜು ಒರೆಸುವ ಪುಟ್ಟು ಹರಿಕಂತ್ರ ರಾತ್ರಿಗೆ.
ಬಾಡಿಗೆ ತಲಾ ಹದಿನೆಂಟು.
ಅರ್ಧ ಹಾಸಿಗೆ ಬರೆಯಲು
ಫಾರಮ್ಮಿನಲ್ಲಿ ಮನೆಯೇ ಇಲ್ಲ.
ರಜೆಯ ದಿನ ಪುಟ್ಟು ಬಕೆಟ್ ಬೋರಲು ಹಾಕಿ ಕೂರುತ್ತಾನೆ,
ತಿಲಕನ ನಿದ್ದೆ ಕೆಡದಂತೆ ಪಿಸುಗುಡುತ್ತಾನೆ.

ಮೀನು?
"ವಾರಕ್ಕೆ ಎರಡು ಸಲ. ಬರ್ಕಳಿ, ತಂಗಿ."

ಪೆನ್ನು ನಿಂತಿತು.
ಎಲ್ಲರೂ ಹೀಗೇ. ಕೋಳಿ ತಿಂದೆವು ಎನ್ನುತ್ತಾರೆ,
ಹಾಲು ದಿನವೂ ಎನ್ನುತ್ತಾರೆ,
ಮಾನಕ್ಕೆಂದು ಒಂದು ಮೊಟ್ಟೆ ಮೇಲೆ ಹಾಕಿ ಹೇಳುತ್ತಾರೆ.
ನನ್ನ ಸರಾಸರಿ ಉಬ್ಬುತ್ತದೆ.
ಮೇಜಿನಾಚೆಯವನು ಹಾಳೆ ತಿರುವಿ
"ಚೆನ್ನಾಗೇ ಉಣ್ತಿದ್ದಾರಲ್ಲ" ಎನ್ನುತ್ತಾನೆ.

"ಯಾವ ಮೀನು ಅಣ್ಣಾ, ಎಷ್ಟಕ್ಕೆ?"

ಮುಚ್ಚಳ ಎತ್ತಿದ.
ಕೆಂಪು ಸಾರಿನಲ್ಲಿ ಎರಡು ತಲೆ,
ನನ್ನನ್ನೇ ನೋಡುತ್ತಿದ್ದವು.
"ಇಲ್ಲಿ ಕನಾದ್ ಅಂತಾರೆ. ನಮ್ಮ ಇಸೋಣ.
ಬೇಲೇಕೇರಿಯಲ್ಲೂ ಮೈ ಮಾರಾಟಕ್ಕೆ, ತಲೆ ಮನೆಗೆ.
ಇಲ್ಲೂ ಹಂಗೇ ಆಯ್ತು ನೋಡಿ."
ಮಾರ್ಕೆಟ್ ತೊಳೆಯುವ ಹೊತ್ತಿಗೆ ಹೋದರೆ
ಬೆಂಗಾಲಿ ಹುಡುಗ ಸುಮ್ಮನೆ ಕೊಡುತ್ತಾನಂತೆ.
"ಬಸ್ಸಿಗೆ?" ಎಂದೆ.
ಬಾಗಿಲ ಬಳಿಯ ಚಪ್ಪಲಿ ಕಡೆ ಗಲ್ಲ ತೋರಿದ.
ಹಿಮ್ಮಡಿಯ ಜಾಗದಲ್ಲಿ ನೆಲ ಕಾಣುತ್ತಿತ್ತು.

ಬರೆದೆ: ಕನಾದ್ ತಲೆ, ಎರಡು. ಸೊನ್ನೆ ಫಿಲ್ಸ್.
ಪಕ್ಕದಲ್ಲಿ: ಹೋಗಿ ಬಂದು ಐದು ಕಿಲೋಮೀಟರು, ಆಗಸ್ಟ್.
ಮನೆಗೆ ಬಂದು ಕೂಡಿಸುವಾಗ
ಕಂಪ್ಯೂಟರ್ ಆ ಸಾಲನ್ನು ಒಪ್ಪದೆ ಕೆಂಪಾಯಿತು.
ಅಳಿಸಿಲ್ಲ. ಇರಲಿ.
ಇದೇನೆಂದು ಅವರು ಕೇಳಲಿ.

ಎದ್ದು ಹೊರಟವಳನ್ನು ತಡೆದು
ತಟ್ಟೆಗೆ ಒಂದು ತಲೆ ಹಾಕಿಕೊಟ್ಟಿದ್ದ ಪುಟ್ಟು.
ಕೆನ್ನೆಯ ಮಾಂಸ ಬಿಡಿಸಿ ಬಿಡಿಸಿ ತಿಂದೆ.
ಅದನ್ನು ಎಲ್ಲೂ ಬರೆಯಲಿಲ್ಲ.