ಆರನೇ ಕೆಲಸದ ದಿನ

ಪ್ರಶ್ನೆ ಹದಿನಾಲ್ಕು, ಐದು ಅಂಕ:
ಕಾದಂಬರಿಯ ತಾರಿಯನ್ನು ನಡೆಸುವ ಮೌಲ್ಯಗಳಾವುವು?
ಕೀ ಉತ್ತರ ನಾನೇ ಬರೆದದ್ದು.
ಧೈರ್ಯಕ್ಕೆ ಒಂದು, ಸ್ನೇಹಕ್ಕೆ ಒಂದು,
ತ್ಯಾಗಕ್ಕೆ, ಸತ್ಯನಿಷ್ಠೆಗೆ ಒಂದೊಂದು,
ಅಕ್ಷರ ದುಂಡಗಿದ್ದರೆ ಇನ್ನೊಂದು.

ಇಪ್ಪತ್ತೆರಡು ಉತ್ತರಪತ್ರಿಕೆ ಮುಗಿದಿತ್ತು.
ಸೀತಾಂಗೋಳಿಯಾಚೆ ಕಲ್ಲಿನ ಕೋರೆಯಲ್ಲಿ ಗರಗಸ ನಿಂತು
ಮಧ್ಯಾಹ್ನಕ್ಕೆ ಕಿವಿ ಬಂದಂತಿತ್ತು.
ಫ್ಲಾಸ್ಕಿನ ಕಟ್ಟನ್ ಚಾ ತಣ್ಣಗೆ.
ಎಲ್ಲರೂ ನನ್ನ ನೋಟ್ಸನ್ನೇ ನನಗೆ ಮರಳಿಸಿದ್ದರು
ಎರವಲು ಒಯ್ದ ಕೊಡೆಯ ಹಾಗೆ, ನೀಟಾಗಿ ಮಡಚಿ.

ಇಪ್ಪತ್ತಮೂರನೆಯದು ಮಿಸ್ರಿಯಾಳದು.

"ತಾರಿಯ ಊರಿನ ಸುತ್ತ ಗೋಡೆ.
ದಿನಾ ಬೆಳಿಗ್ಗೆ ಸೈರನ್, ಸಾಲು, ತಲೆ ಎಣಿಕೆ.
ತಲೆಗೊಂದು ರೊಟ್ಟಿ.
ತಮ್ಮ ರಾತ್ರಿ ಗೋಡೆ ಹಾರಿದ.
ಅವಳು ಎರಡು ದನಿಯಲ್ಲಿ ಎರಡು ಸಲ 'ಇದ್ದೇನೆ' ಅಂದಳು.
ಒಂಬತ್ತು ದಿನ ಅಂದಳು.
ಅದು ಸುಳ್ಳು. ಟೀಚರ್ ಬೋರ್ಡಿನಲ್ಲಿ ಸತ್ಯನಿಷ್ಠೆ ಅಂತ ಬರೆದಿದ್ದಾರೆ,
ನಾನು ಬರೆಯುವುದಿಲ್ಲ.
ಆದರೆ ತಮ್ಮನ ಹೆಸರಿಗೆ ಬಂದ ರೊಟ್ಟಿಯನ್ನು
ಅವಳು ಒಂದು ದಿನವೂ ತಿನ್ನಲಿಲ್ಲ.
ಹಸಿವಿತ್ತು, ತಿನ್ನಲಿಲ್ಲ. ಪಕ್ಕದ ಮನೆಯ ಕೂಸಿಗೆ ಕೊಟ್ಟಳು.
ಅವಳ ಮೌಲ್ಯ ಅದೊಂದೇ.
ಉಳಿದ ನಾಲ್ಕು ನನಗೆ ಪುಸ್ತಕದಲ್ಲಿ ಸಿಗಲಿಲ್ಲ."

ಇಲ್ಲಿಗೆ ನಿಲ್ಲಿಸಬಹುದಿತ್ತು ಹುಡುಗಿ.
ಒಂದು ಗೆರೆ ಬಿಟ್ಟು ಮತ್ತೆ ಬರೆದಿದ್ದಾಳೆ,
ಪೆನ್ನು ಬದಲಾಗಿದೆ, ನೀಲಿ ಹೋಗಿ ಕಪ್ಪು:

"ಜೂನಿನಲ್ಲಿ ಎಣಿಕೆಯ ದಿನ ನೀವು ರಮ್ಲತ್ ಅಂದಾಗ
ಹಾಜರ್ ಅಂದದ್ದು ನಾನು.
ಅವಳು ಶಾರ್ಜಾಕ್ಕೆ ಹೋಗಿ ಎರಡು ಪೆರ್ನಾಳ್ ಕಳೆಯಿತು.
ಅವಳ ಪಾಲಿನ ಮೊಟ್ಟೆ ಯಾರಿಗೆ ಹೋಗುತ್ತದೆ ಟೀಚರೇ?"

ಮೊಟ್ಟೆ ಯಾರಿಗೂ ಹೋಗುವುದಿಲ್ಲ ಮಿಸ್ರಿಯಾ.
ಅಡುಗೆಯ ಕಮಲಾಕ್ಷಿಯಕ್ಕ ಬೆಂಚಿನ ತಲೆ ನೋಡಿ ಬೇಯಿಸುತ್ತಾಳೆ,
ರಿಜಿಸ್ಟರು ನೋಡಿ ಅಲ್ಲ.
ಹೋಗುವುದು ಬೇರೆ.
ಆರನೇ ಕೆಲಸದ ದಿನ ಕಚೇರಿಯವರು ಎಣಿಸುತ್ತಾರೆ,
ಎಣಿಕೆ ಸಾಲದಿದ್ದರೆ ಡಿವಿಷನ್ ಬೀಳುತ್ತದೆ,
ಡಿವಿಷನ್ನಿನೊಂದಿಗೆ ಒಂದು ಹುದ್ದೆ,
ಹುದ್ದೆಗೊಂದು ಹೆಸರಿದೆ, ಅದು ನನ್ನದು.
ಹೆಡ್ಮಾಷ್ಟ್ರು ಹೇಳಿದ್ದರು, ಭಾಷೆ ಉಳಿಯಬೇಕಲ್ಲ ಟೀಚರ್.
ನಾನು ತಲೆಯಾಡಿಸಿದ್ದೆ.
ಭಾಷೆಗಾಗಿಯೇ ಅಂತ ತಿಂಗಳ ಮೂರನೇ ತಾರೀಕಿನವರೆಗೆ ನಂಬಬಹುದು.
ಅವತ್ತು ಮೊಬೈಲು ಗುಂಯ್ ಅನ್ನುತ್ತದೆ:
ರೊಟ್ಟಿ ಬಂತು.

ಇದೂ ಸುಳ್ಳಲ್ಲ ಮಗಾ,
ಡಿವಿಷನ್ ಬಿದ್ದರೆ ನೀನೂ ಸುಜನನೂ
ಎರಡು ಬಸ್ಸು ಹತ್ತಿ ಕುಂಬಳೆಗೆ ಹೋಗಬೇಕು,
ಇಲ್ಲವೇ ಗೋಡೆಯಾಚೆಯ ಮಲಯಾಳ ಕ್ಲಾಸಿನಲ್ಲಿ
ಕಟ್ಟಕಡೆಯ ಬೆಂಚು.
ನಿನ್ನಪ್ಪ ಲಾರಿಗೆ ಕಲ್ಲು ಹೇರುವವನು,
ಬಸ್ಸಿನ ಹಣ ದಿನಾ ಎಣಿಸುವವನು.
ಇದನ್ನೆಲ್ಲ ಮಾರ್ಜಿನ್ನಿನಲ್ಲಿ ಬರೆಯಲಾಗದು.
ಮಾರ್ಜಿನ್ ಅಷ್ಟು ಅಗಲವಿಲ್ಲ.

ಕೀ ಪ್ರಕಾರ ನಿನಗೆ ಸಿಗಬೇಕಾದ್ದು ಒಂದು ಅಂಕ,
ಅದೂ ದುಂಡು ಅಕ್ಷರಕ್ಕೆ.
ಐದು ಬರೆದೆ. ಗೀಚಿದೆ.
ಐದು ಕೊಟ್ಟರೆ ಬಾಯಿ ಮುಚ್ಚಿಸಿದ ಹಾಗೆ,
ಒಂದು ಕೊಟ್ಟರೆ ಬಾಯಿಗೆ ಬಡಿದ ಹಾಗೆ.
ಕಾಗದ ಅಂಕವಿಲ್ಲದೆ ನನ್ನ ಚೀಲದಲ್ಲಿ
ಟಿಫಿನ್ ಡಬ್ಬಿಯ ಕೆಳಗೆ ಭಾನುವಾರ ಕಳೆಯಿತು.

ಸೋಮವಾರ ಹಾಜರಿ.
ಜೋಸ್ಲಿನ್ ಕ್ರಾಸ್ತಾ. ಹಾಜರ್.
ಮಿಸ್ರಿಯಾ. ಹಾಜರ್.
ರಮ್ಲತ್.
ಹಿಂದಿನ ಬೆಂಚಿನಲ್ಲಿ ಯಾರೋ ಅಭ್ಯಾಸಬಲದಿಂದ ಬಾಯಿ ತೆರೆದರು.
ಮಿಸ್ರಿಯಾ ನನ್ನನ್ನೇ ನೋಡುತ್ತಿದ್ದಳು,
ದೂರುವವಳ ಹಾಗಲ್ಲ,
ಗೋಡೆ ಹಾರಿದವನ ಸುದ್ದಿಗೆ ಕಾಯುವವಳ ಹಾಗೆ.

"ಯಾರೂ ಹೇಳಬೇಡಿ," ಅಂದೆ.

ಕೋರೆಯಲ್ಲಿ ಗರಗಸ ಶುರುವಾಯಿತು.
ಅವಳ ಹೆಸರಿನ ಮುಂದಿನ ಚೌಕ ಎಷ್ಟು ಚಿಕ್ಕದೆಂದರೆ
ಕೆಂಪಿನಲ್ಲಿ 'ಗೈ' ಅಂತ ಬರೆಯುವಾಗಲೇ ತುಂಬಿಹೋಯಿತು.
ಇನ್ನೂ ಅಂಥ ಎರಡು ಹೆಸರು ಕೆಳಗಿದ್ದವು.