ಡಬ್ಬ ಹಾಕಿದ ಬಕೀಟು

ಜತ್ತದ ಬಸ್ ಸ್ಟ್ಯಾಂಡ ದಾಟಿ, ವಿಜಾಪುರ ರಸ್ತಾಕ್ಕ ಹೊಳ್ಳೂದ್ರಾಗ
ಹಸರು ಜಾಳಿಗಿ ಕಟ್ಟಿದ್ದು ತಾನೂಬಾಯಿ ಮಾಳಿಯ ನರ್ಸರಿ.
ಹೋದೆ ನಾನು, ಕೈಯಾಗ ಮೊಬೈಲು, ಅದರಾಗೊಂದು ಫೋಟೋ:
ಊಟಿಯೊಳಗಿನ ನೀಲಿ ಹೂವಿನ ಗೊಂಚಲ.
'ಇದ ಬೇಕು ನಂಗ, ಹೊಸ ಮನಿ ಗ್ವಾಡಿಗೆ.'

ಆಕಿ ಫೋಟೋ ನೋಡಲಿಲ್ಲ.
'ಗ್ವಾಡಿ ಯಾವ ಕಡೆ ಮಾರಿ ಮಾಡೇತಿ?
ಮಧ್ಯಾಹ್ನ ಮೂರಕ್ಕ ಎಂದರ ಅಲ್ಲಿ ಬರಿಗಾಲಲೆ ನಿಂತೀಯೇನು?
ಬೋರಿನ ನೀರು ಸಿಹಿಯೋ ಸವಳೋ?
ಕುಕ್ಕರಿನ ತಳಕ್ಕ ಬಿಳಿ ಪದರು ಕೂಡತೈತೇನು?
ತೆವಳೂ ಕೂಸು ಐತೆಂದರ ಕಣಗಲ ಕೇಳಬ್ಯಾಡ,
ಅದರ ಹಾಲು ಕೆಟ್ಟದ್ದು.
ಆಡು ಕಟ್ಟೀಯೆಂದರ ದಾಸಾಳ ಕೇಳಬ್ಯಾಡ.'
ಪೊಲೀಸ್ ಠಾಣೆಯಾಗೂ ಇಷ್ಟು ಕೇಳೂದಿಲ್ಲ.
ಪಡುವಣ ಗ್ವಾಡಿ ಅಂದೆ. ಸವಳ ಅಂದೆ. ಕೂಸಿಲ್ಲ, ಆಡಿಲ್ಲ.
ಮನಿ ತುಂಬ ಕರುಣೆ ಐತಿ ಅನ್ನೂದನ್ನ ಹೇಳಲಿಲ್ಲ;
ಆಕಿ ಕೇಳಿರಲಿಲ್ಲ.

ನೀಲಿ ಗೊಂಚಲಕ್ಕ ಇಲ್ಲ ಅಂದಳು. ಜರಿಗಿಡಕ್ಕ ಇಲ್ಲ.
ಮೂಲ್ಯಾಗಿನ ಕ್ರೋಟನ್ ಬಣ್ಣಕ್ಕ ನಾ ಮರುಳಾದರ
'ಅದು ನೆರಳಿನ ಮಗಳು,
ನಿನ್ನ ಗ್ವಾಡಿಗೆ ಬಂದರ ಎಲಿ ಸುಟ್ಟ ಹಪ್ಪಳ' ಅಂದು
ಮುಳ್ಳಿನ ಒಂದು ಕಡ್ಡಿ ತಂದಿಟ್ಟಳು, ಕರಿ ಚೀಲದಾಗ.
ನಾಕು ಎಲಿ, ಬಣ್ಣಿಲ್ಲ. ಬೋಗನ್‌ವೇಲಿಯಾ. ಎಂಬತ್ತು ರೂಪಾಯಿ.
'ಬೇರಿನ ಮಣ್ಣು ಒಡೀಬ್ಯಾಡ. ಗುಂಡಿಗೆ ಅರ್ಧ ಮರಳು.
ಬೇರೂರೋ ತನಕ ನೀರು. ಆಮ್ಯಾಲ ಮರತುಬಿಡು.'

ಮರೆಯೂದು!
ಅದೊಂದ ಬರೂದಿಲ್ಲ ನಮ್ಮ ಮನಿಗೆ.

ವರ್ಷ ಕಳೀತು. ಗ್ವಾಡಿ ತುಂಬ ಹಸರು, ಮುಳ್ಳು,
ಒಂದ ಒಂದು ಹೂವಿಲ್ಲ.
ಬೈಯಾಕಂತನ ಹೋದೆ.
ಏನೂ ಅನಲಿಲ್ಲ, ಚಪ್ಪಲಿ ಮೆಟ್ಟಿ ನನ್ನ ಹಿಂದ ಬಂದಳು,
ಬುಡಕ್ಕ ಬೆರಳು ಊರಿ, ಮೂಸಿ ನೋಡಿದಳು.
'ಯಾರು ಹಾಕತೀರಿ ನೀರು?'
'ನಾನ, ಎರಡು ದಿನಕ್ಕೊಮ್ಮೆ ಒಂದು ತಂಬಗಿ.'
'ಮತ್ಯಾರು?'

ಮೊದಲು ಒಪ್ಪಿಕೊಂಡಾವ ನನ್ನ ಗಂಡ ಬಾಳಗೊಂಡ:
ಡಿಪೋದಿಂದ ಬಂದು ಕೈಕಾಲು ತೊಳೆಯೂದು ಅಲ್ಲೇ,
ಹೆಂಗೂ ಹರಿದು ಹೋಗೂ ನೀರು ಅಂತ.
ಮಗಳು ಸುಪ್ರಭಾ, ಸಾಲಿ ಬಾಟಲಿಯಾಗ ಉಳಿದದ್ದು.
ಕಡೀಕ ನಮ್ಮತ್ತಿ, ಸೆರಗು ಸರಿ ಮಾಡಿಕೊಂಡು:
'ನೀರು ಸೋಸಿದ ಅರಿವಿ ಹಿಂಡಬಾರದವ್ವ, ಅದರಾಗ ಜೀವ ಇರತಾವು.
ಆಗ ಬಾವಿಗೇ ತಿರಗಿ ಬಿಡತಿದ್ದೆ. ಈಗ ಬಾವಿ ಎಲ್ಲೈತಿ?
ದಿನಾ ಮುಂಜಾನಿ ಇದರ ಬುಡಕ್ಕ ಜಾಲಾಡಿಸಿ...'

ತಾನೂಬಾಯಿ ನಗಲಿಲ್ಲ. ಅತ್ತಿ ಕಡೆ ಭಾಳ ಹೊತ್ತು ನೋಡಿದಳು.
'ಆ ನೀರು ಹಿತ್ತಲ ಕರ್ದಳಿಗೆ ಬಿಡ್ರಿ ಅವ್ವಾ, ಅದಕ್ಕ ನೀರಡಿಕಿ ಹೆಚ್ಚು.
ಇದಕ್ಕ ಇಷ್ಟು ಪ್ರೀತಿ ಮಾಡಿದರ
ಎಲಿ ಹೊದ್ದು ಮಲಗತೈತಿ, ಹೂ ಯಾಕ ಬೇಕಂತ.'
ಬಕೀಟು ಎತ್ತಿ ಗ್ವಾಡಿಗೆ ಹತ್ತಿಸಿ ಡಬ್ಬ ಹಾಕಿದಳು.
'ಇಪ್ಪತ್ತೊಂದು ದಿನ ಯಾರೂ ಮುಟ್ಟಬಾರದು.'

ಉಪವಾಸ ಹಿಡದಂಗ ಹಿಡದ್ವಿ.
ಹತ್ತನೇ ದಿನಕ್ಕ ಎಲಿ ಬಾಡಿ ಜೋತುಬಿದ್ದವು.
ಆವತ್ತ ನಡುರಾತ್ರಿ ಬಾಗಿಲ ಸಪ್ಪಳ. ಎದ್ದು ನೋಡಿದರ ಅತ್ತಿ,
ಖಾಲಿ ಕೈಲೆ ನಿಂತಿದ್ದರು ಗಿಡದ ಮುಂದ,
ಕ್ಷಮಾ ಬೇಡೂ ಹಂಗ.

ಚೈತ್ರ ಮುಗಿಯೂದ್ರಾಗ ಗ್ವಾಡಿಗೆ ಗ್ವಾಡಿನ ರಾಣಿ ಬಣ್ಣ.
ಮೂರರ ಬಿಸಲಾಗ ಕಣ್ಣು ನಿಲ್ಲೂದಿಲ್ಲ ಅದರ ಮ್ಯಾಲ.
ಸುಪ್ರಭಾ ಹತ್ತಿರ ಮಾರಿ ಒಯ್ದು ಹೇಳಿದಳು:
'ಇವು ಹೂವಲ್ಲ, ಎಲೀನ. ಖರೇ ಹೂ ಒಳಗೈತಿ, ಬಿಳಿದು,
ಎಳ್ಳಿಗಿಂತ ಒಂದೀಟು ದೊಡ್ಡದು.'
ನಾವೆಲ್ಲಾ ಬಗ್ಗಿ ನೋಡಿದ್ವಿ. ಇತ್ತು.

ತಾನೂಬಾಯಿ ಬಂದಳು, ಹೂ ನೋಡಾಕಲ್ಲ, ಕತ್ತರಿ ಹಿಡಕೊಂಡು:
'ಪೆನ್ಸಿಲ್ ದಪ್ಪನ ಆರು ಕಡ್ಡಿ ನನ್ನವು. ಫೀ.'
ಓರೆಯಾಗಿ ಕತ್ತರಿಸಿ, ಹಸಿ ಗೋಣಿಯಾಗ ಸುತ್ತಿ ಹೊಂಟಾಗ
ಅತ್ತಿ ಕೇಳಿದರು, 'ಬಾಯಿ, ಚಹಾ?'
'ಅರ್ಧ ಕಪ್ಪು' ಅಂದಳು,
ಡಬ್ಬ ಹಾಕಿದ ಬಕೀಟಿನ ಮ್ಯಾಲ ಕೂತು.