ಒಂದ ಹಲಗಿ

"ಹಲಗಿ ಬಂದೈತಿ" ಅಂದ್ರ ಮಾಲನಬಾಯಿ ನಕ್ಕಿದ್ದಳು:
"ಹೋಳಿ ಹುಣ್ಣಿಮಿಗೆ ಇನ್ನೂ ಆರು ತಿಂಗಳೈತಲ್ಲೊ, ಈಗ್ಯಾಕ?"

ಬಾರಿಸೂ ಹಲಗಿ ಅಲ್ಲ.
ಎರಡು ಅಂಗೈ ಜೋಡಿಸಿದಷ್ಟು ಹಸರು ಹಲಗಿ,
ನಡುವ ನಲವತ್ತು ಕಾಲಿನ ಕರಿ ಜರಿಹುಳ,
ಆರು ಕೆಂಪು ಅಂಕಿ, ಒಂದಿಷ್ಟು ಗುಂಡಿ.
ಟಿವಿ ಇಲ್ಲ, ಪೆಟಗಿ ಇಲ್ಲ, ಮ್ಯಾಲೊಂದು ಮುಚ್ಚಳ ಸೈತ ಇಲ್ಲ.
"ಇದ ಕಂಪ್ಯೂಟರ್" ಅಂದ ಪದ್ಮರಾಜ ಚೌಗಲಾ,
ಪುಣೆ ಪಾರ್ಸಲ್ಲಿನ ಹುಲ್ಲು ಕೊಡವಿಕೋತ.
ನಾ ಆಗ ಐಟಿಐ ಮುಗಿಸಿ ಬಂದ ಹುಡುಗ,
ಉದ್ಯಮಬಾಗದ ಅವರ ಫೌಂಡ್ರಿಯೊಳಗ
ತಿಂಗಳಿಗೆ ಮುನ್ನೂರು.

ಉಸುಕಿನ ಕೋರು ಸುಡೂ ಭಟ್ಟಿಗೆ ಇದು ಬೇಕಾಗಿತ್ತು.
ಹೆಚ್ಚು ಸುಟ್ರ ಪುಡಿ, ಕಡಿಮಿ ಸುಟ್ರ ಎರಕದಾಗ ಗುಳ್ಳಿ.
ಅಲ್ಲೀತನಕ ಅಳತಿ ಅಂದ್ರ ಮಾಲನಬಾಯಿ ಮೂಗು.
ಅಗಸಿ ಎಣ್ಣಿ ವಾಸನಿ ಹುರದ ಸೇಂಗಾದ ಕಡೆ ಹೊಳ್ಳಿದ ಕೂಡ್ಲೆ
ಸೆರಗಿಲೆ ಕೈ ಒರಸಿಕೊಂಡು ಒಂದ ಮಾತು: "ಝಾಲಂ."
ಪದ್ಮರಾಜ ಹದಿನೈದು ದಿನ ಆಕಿ ಬಾಜೂಕ ನಿಂತ,
ಆಕಿ "ಝಾಲಂ" ಅಂದಾಗೆಲ್ಲಾ ಥರ್ಮಾಮೀಟರ್ ನೋಡಿ ಬರಕೊಂಡ.
ಇನ್ನೂರಾ ಹದಿನೆಂಟು.
ಹಲಗಿ ಭಾಷಾದಾಗ ಅದು ಡಿ ಎ.

"ನಿನ್ನ ಮೂಗಿಗೆ ಇದರಾಗ ಡಿಎ ಅಂತಾರ, ಮಾವಶಿ."
"ನಮಗೆಲ್ಲಿ ಡಿಎ ಬಾಳಾ, ಅದು ಸರಕಾರಿ ಮಂದಿಗೆ."

ಆದ್ರ ಕರೆಂಟು.
ಹೋತಂದ್ರ ಹಲಗಿಗೆ ಏನೂ ನೆನಪಿಲ್ಲ,
ಈಗ ಹುಟ್ಟಿದ ಕೂಸು.
ದಿನಕ್ಕ ಮೂರು ಸಲ, ನಾಕು ಸಲ
ಮತ್ತ ಮೊದಲಿಂದ ನೂರಾ ಹನ್ನೆರಡು ಜೋಡಿ ನಾ ಒತ್ತಬೇಕು.
ವಹಿ ಹಿಡದು ಓದಿ ಹೇಳಾಕ ಯಾರೂ ಇರದ ಒಂದಿನ
ಉಸುಕು ಕಲಸಿಕೋತ ಮಾಲನಬಾಯಿ ಶುರು ಮಾಡಿದಳು,
ಕಣ್ಣ ಎತ್ತದ:
"ತೀನ್ ಈ. ಶೂನ್ಯ ಏಕ್. ಡೀ ತೀನ್. ಶೂನ್ಯ ಏಕ್..."
ಅರ್ಧ ಮರಾಠಿ, ಅರ್ಧ ಇಂಗ್ಲಿಷ್,
ನಡುವ ನನಗ ಕನ್ನಡದಾಗ ಬೈಗಳು:
"ಟೋಪಿ ಹಾಕ್ಕೊಂಡಿದ್ರ ಸಹಾ, ಬೋಳುತಲಿ ಇದ್ರ ಬಿ,
ಕಣ್ಣ ಬಿಟ್ಟು ನೋಡೊ!"
ಓದು ಬರತಿದ್ದಿಲ್ಲ ಆಕಿಗೆ. ಮಗ್ಗಿ ಬರತಿತ್ತು.
ಸೊನ್ನಿ ಸೊನ್ನಿ ಬಂದಲ್ಲಿ ತುಸು ನಿಂತು ಉಸಿರು ತಗೋತಿದ್ದಳು.
ಸೊನ್ನಿ ಸೊನ್ನಿ ಅಂದ್ರ ಏನೂ ಮಾಡಬ್ಯಾಡ ಅಂತ.
ಅದನ್ನ ಯಾರೂ ಆಕಿಗೆ ಹೇಳಿದ್ದಿಲ್ಲ.

ಮರುವರ್ಷ ಬೆನ್ನಾಗ ಗಾಜಿನ ಕಿಟಕಿ ಇದ್ದ ಚಿಪ್ಪು ಬಂತು.
ಕರೆಂಟ್ ಹೋದ್ರೂ ಮರೆಯೂದಿಲ್ಲ.
ಹುಬ್ಬಳ್ಳಿಗೆ ಒಯ್ದು ಬರಸಿಕೊಂಡು ಬಂದು
ಪದ್ಮರಾಜ ಎಲ್ಲಾರಿಗೂ ಪೇಢೆ ಹಂಚಿದ.
ಏಪ್ರಿಲ್ ಬಿಸಲು, ತಗಡಿನ ಸಂದಿಯಿಂದ ನೆಟ್ಟಗ ಹಲಗಿ ಮ್ಯಾಲ,
ಹತ್ತು ದಿನ.
ಹನ್ನೊಂದನೇ ದಿನ ಎಲ್ಲಿ ನೋಡಿದ್ರೂ ಎಫ್ ಎಫ್, ಎಫ್ ಎಫ್.
ಬಿಸಲು ಕುಡದು ಬಿಟ್ಟಿತ್ತು ಎಲ್ಲಾನೂ.

ಪದ್ಮರಾಜ ತಲಿ ಹಿಡಕೊಂಡು ಕುಂತಿದ್ದ.
"ಕಿಟಕಿ ಇಟ್ಟಾರ, ಪಡದೆ ಇಟ್ಟಿಲ್ಲ" ಅಂದಳು ಮಾಲನಬಾಯಿ.
ಇನ್ನೊಮ್ಮೆ ಬರಸಿ ತಂದ ದಿನ
ಹಣಿಯಿಂದ ಟಿಕಳಿ ಕಿತ್ತು
ಚಿಪ್ಪಿನ ಗಾಜಿಗೆ ಒತ್ತಿದಳು. ಮರೂನ್ ಬಣ್ಣದ್ದು.
ಸಂಜೀತನಕ ಆಕಿ ಹಣಿ ಮ್ಯಾಲ
ಉಸುಕಿನ ಧೂಳದ ನಡುವ ಒಂದು ಸ್ವಚ್ಛ ಗುಂಡು.

ಫೌಂಡ್ರಿ ಮಾರಿ ಹದಿನೆಂಟು ವರ್ಷಾತು,
ಭಟ್ಟಿ ಗುಜರಿಗೆ ತೂಕದ ಮ್ಯಾಲ ಹೋತು.
ಮಾಲನಬಾಯಿ ಮಜಗಾವಿಯೊಳಗ ತೀರಿಕೊಂಡದ್ದು
ನನಗ ತಡಾ ಆಗಿ ಗೊತ್ತಾತು.
ಹಲಗಿ ನನ್ನ ಕಡೆ ಐತಿ, ಕುಂದಾದ ಡಬ್ಬಿಯೊಳಗ.

ಮೊನ್ನೆ ಐದು ವೋಲ್ಟು ಕೊಟ್ಟೆ.
ಆರು ಅಂಕಿಯೊಳಗ ಒಂದು ಸತ್ತೈತಿ,
ಉಳಿದವು ಮಿಣಕಿದವು. ಆಮ್ಯಾಲ ರಿಲೇ "ಟಕ್" ಅಂತು:
ಬೆಂಕಿ ಹಚ್ಚು.
ತಂತಿ ತುದಿಗೆ ನನ್ನ ಅಡಗಿ ಮನಿ ಗಾಳಿ,
ಇಪ್ಪತ್ತಾರು ಡಿಗ್ರಿ.
ಇನ್ನೂ ಆಗಿಲ್ಲ ಅಂತು, ಇನ್ನೂ ಆಗಿಲ್ಲ.
ಒಂದು ತಾಸು ಎದುರಿಗೆ ಕುಂತೆ, ರಿಲೇ ಹಿಡದದ್ದು ಬಿಡಲಿಲ್ಲ.

ಟಿಕಳಿ ಅಂಚು ತುಸು ಎದ್ದಿತ್ತು.
ಬೆರಳಿಲೆ ಒತ್ತಿದೆ.